ತೋಟದ ರೋಬೋಟಿಗೆ ತಕ್ಕ ತಂತ್ರಾಂಶದ ಆಯ್ಕೆ
ಅಳದಂಗಡಿ ಸೀಮೆಯ ಅಡಕೆ ಹಿಡುವಳಿದಾರರು ಗಮನಿಸತಕ್ಕ ಕೆಲವು ಸಂಗತಿಗಳು

ಕುದುರೆಮುಖದ ಬೆಟ್ಟಸಾಲಿನ ತಪ್ಪಲಲ್ಲಿ, ಗುರುವಾಯನಕೆರೆಯಿಂದ ನಾರಾವಿಗೆ ಹೋಗುವ ಮಾರ್ಗದಲ್ಲಿರುವ ಅಳದಂಗಡಿಯ ಸೀಮೆಯಲ್ಲಿ ಮಳೆಯು ಬಿಡುವಿಲ್ಲದೆ ಹೊಯ್ಯುವ ದಿನಗಳಲ್ಲಿ ಕೊಳೆರೋಗವು ಹಬ್ಬಿ, ಎಳೆಯ ಅಡಕೆಗಳೆಲ್ಲ ಉದುರಿ, ಒಂದು ವರ್ಷದ ಉತ್ಪತ್ತಿಯು ಕೆಲವೇ ವಾರಗಳಲ್ಲಿ ನಷ್ಟವಾಗುವುದುಂಟು. ಇದಕ್ಕೆ ಬೋರ್ಡೋ ದ್ರಾವಣವೇ ಮದ್ದೆಂಬುದು ಹೊಸ ಮಾತಲ್ಲ. ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯಲ್ಲಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಕುರಿತು 1910ರಲ್ಲಿಯೇ ಪುಸ್ತಿಕೆಯನ್ನು ಪ್ರಕಟಿಸಿದ್ದರು. ಮದ್ದು ಇದ್ದೇ ಇದೆ; ಅದನ್ನು ಕಂಗಿನ ತುದಿಗೆ ಒಯ್ದು ಬಿಡತಕ್ಕ ಆಳುಗಳು ಮಾತ್ರ ವರ್ಷವರ್ಷಕ್ಕೂ ದುರ್ಲಭರಾಗುತ್ತಿದ್ದಾರೆ. ಜಾರುವ ಮರವನ್ನೇರಿ ಬಿದ್ದು ಪ್ರಾಣವನ್ನೋ ಕೈಕಾಲುಗಳನ್ನೋ ಕಳೆದುಕೊಂಡವರಿಲ್ಲದ ಊರು ಈ ಕಡೆಯಲ್ಲಿ ವಿರಳ.

ಆದಕಾರಣ ಮರವೇರುವ ಯಂತ್ರಗಳ ಕಡೆಗೆ ಜನರ ದೃಷ್ಟಿಯು ಹರಿದಿರುವುದು ಸಹಜವೇ. ಬಂಟ್ವಾಳ ತಾಲೂಕಿನ ಸಜಿಪಮೂಡದ ಕೃಷಿಕರಾದ ಗಣಪತಿ ಭಟ್ಟರು ನಿರ್ಮಿಸಿದ, ಮನುಷ್ಯನನ್ನು ಕೂರಿಸಿಕೊಂಡು ಕಂಗನ್ನೇರುವ ಯಂತ್ರವು 2019ರಲ್ಲಿ ದೇಶದಲ್ಲೆಲ್ಲ ಪ್ರಸಿದ್ಧಿಗೆ ಬಂದಿತು. ಅದು ಇಂಜಿನ್ನಿನ ಬಲದಿಂದ ಏರತಕ್ಕದ್ದು. ನಡೆಸುವ ಬುದ್ಧಿಯು ಮೇಲೆ ಕುಳಿತವನದು. ಮನುಷ್ಯನು ಕೆಳಗೆ ನಿಂತಿದ್ದು, ಯಂತ್ರವೇ ಏರಿ, ಕ್ಯಾಮೆರಾದಿಂದ ಗೊನೆಯನ್ನು ಗುರುತಿಸಿ ಮದ್ದು ಬಿಡಬೇಕಾದರೆ ಅದಕ್ಕೆ ಗಣಕದ ಬುದ್ಧಿ ಬೇಕು. ಇಂತಹ ಯಂತ್ರಕ್ಕೆ ರೋಬೋಟ್ ಎಂದು ಹೆಸರು. ಉಜಿರೆ, ಮೂಡುಬಿದಿರೆಗಳ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದ ಊರಿನ ಯುವಕರು ಇಂತಹ ಯಂತ್ರವನ್ನು ಮಾಡುವುದಾಗಿ ಮುಂದೆ ಬಂದಾಗ, ಹಣವನ್ನೂ ಪರೀಕ್ಷೆಗೆ ತೋಟವನ್ನೂ ಒದಗಿಸಬೇಕಾದವರು ಹಿಡುವಳಿದಾರರೇ. ತಂತ್ರಾಂಶದ ಆಯ್ಕೆಯು ಹುಡುಗರ ವಿಷಯವೆಂದು ಅವರು ಸುಮ್ಮನಿರುವುದು ಉಚಿತವಲ್ಲ. ಅಲ್ಲಿ ತಪ್ಪಿದರೆ ನಷ್ಟವು ತೋಟದವರದೇ.

ಎರಡು ತಂತ್ರಾಂಶಗಳು

ರೋಬೋಟಿನೊಳಗಿನ ಸಣ್ಣ ಗಣಕದಲ್ಲಿ ಮೊದಲು ಆಪರೇಟಿಂಗ್ ಸಿಸ್ಟಮ್ ಎಂಬ ಮೂಲತಂತ್ರಾಂಶವು ಇರತಕ್ಕದ್ದು. ದೊಡ್ಡ ಮನೆತನದ ಪಾರುಪತ್ತೆಗಾರನಂತೆ ಗಣಕದ ಸಕಲ ವ್ಯವಹಾರಗಳನ್ನೂ ನೋಡಿಕೊಳ್ಳುವುದು ಇದರ ಕೆಲಸ. ರೋಬೋಟುಗಳಲ್ಲಿ ಇದಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವುದು ಲಿನಕ್ಸಿನ ಒಂದು ರೂಪವಾದ ಉಬುಂಟು. ಅದರ ಮೇಲೆ ಕೂರುವುದು ರೋಸ್ ಎಂಬುದು. ಇದರ ಹೆಸರಿನಲ್ಲಿ ಆಪರೇಟಿಂಗ್ ಸಿಸ್ಟಮ್ ಎಂಬ ಮಾತು ಅಡಗಿದ್ದರೂ ನಿಜವಾಗಿ ಇದು ಅಂಗದಿಂದ ಅಂಗಕ್ಕೆ ಸುದ್ದಿ ಮುಟ್ಟಿಸುವ ಏರ್ಪಾಡು. ಗೊನೆ ಕಂಡಿತೆಂದು ಕ್ಯಾಮೆರಾ ತಿಳಿಸಿದರೆ, ನಿಲ್ಲೆಂದು ಮೋಟಾರಿಗೂ, ಮದ್ದು ಬಿಡೆಂದು ಪಂಪಿಗೂ ಆಜ್ಞೆಯು ಹೋಗುವುದು ಇದರ ಮೂಲಕವೇ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯ ಮತ್ತು ವಿಲೋ ಗ್ಯಾರೇಜ್ ಸಂಸ್ಥೆಗಳಲ್ಲಿ 2007ರ ಸುಮಾರಿಗೆ ಇದರ ಕೆಲಸವು ಆರಂಭವಾಯಿತು. ಎರಡೂ ತಂತ್ರಾಂಶಗಳು ಬೆಲೆಯಿಲ್ಲದೆ ದೊರೆಯುತ್ತವೆ. ಹೀಗಾಗಿ ಆಯ್ಕೆ ತಪ್ಪಿದರೆ ನಷ್ಟವಾಗುವುದು ಕೊಂಡ ಹಣವಲ್ಲ, ಕಳೆದುಹೋದ ಹಂಗಾಮು.

ಜೋಡಿಯೂ ಅವಧಿಯೂ

ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರು ನೀರು ಎಂಬ ಪ್ರಮಾಣವುಂಟು. ಸುಣ್ಣ ಕಡಿಮೆಯಾದರೆ ಗೊನೆ ಸುಡುತ್ತದೆ. ಅದರಂತೆಯೇ ಉಬುಂಟು ಮತ್ತು ರೋಸ್‌ಗಳಿಗೂ ಜೋಡಿಯುಂಟು. ರೋಸ್‌ನ ಮೊದಲನೆಯ ಪೀಳಿಗೆಯ ಕೊನೆಯ ಆವೃತ್ತಿಯಾದ ನೊಎಟಿಕ್ ಉಬುಂಟು 20.04ಕ್ಕೆ ಸೇರಿದ್ದು; ಅದರ ಪೋಷಣೆಯು 2025ರ ಮೇ ತಿಂಗಳಲ್ಲಿ ಮುಗಿಯಿತು. ರೋಸ್ 2 ಎಂಬ ಎರಡನೆಯ ಪೀಳಿಗೆಯಲ್ಲಿ ಹಂಬಲ್ ಎಂಬುದು ಉಬುಂಟು 22.04ಕ್ಕೆ ಸೇರಿ 2022ರಲ್ಲಿ ಬಂದಿತು. ಅವಧಿಯು 2027ರ ಮೇ ವರೆಗೆ. ಜ್ಯಾಜಿ ಎಂಬುದು ಉಬುಂಟು 24.04ಕ್ಕೆ ಸೇರಿ 2024ರಲ್ಲಿ ಬಂದಿತು. ಅವಧಿಯು 2029ರ ಮೇ ವರೆಗೆ. ಸಮಸಂಖ್ಯೆಯ ವರ್ಷಗಳಲ್ಲಿ ಬರುವ ರೋಸ್ 2ಕ್ಕೆ ಐದು ವರ್ಷಗಳ ಪೋಷಣೆ. ಬೆಸಸಂಖ್ಯೆಯ ವರ್ಷಗಳಲ್ಲಿ ಬರುವುದಕ್ಕೆ ಸುಮಾರು ಒಂದೂವರೆ ವರ್ಷ ಮಾತ್ರ. ತೋಟದ ಯಂತ್ರಕ್ಕೆ ಎರಡನೆಯ ಬಗೆಯು ಸರ್ವಥಾ ಸಲ್ಲದು.

ಗಣಕದ ಹಲಗೆಯೂ ಈ ಜೋಡಿಯಲ್ಲಿ ಸೇರುತ್ತದೆ. 2023ರಲ್ಲಿ ಬಂದ ರಾಸ್‌ಬೆರಿ ಪೈ 5 ಎಂಬ ಅಗ್ಗದ ಹಲಗೆಗೆ ಉಬುಂಟು 22.04 ಹೊಂದುವುದಿಲ್ಲ, 24.04 ಹೊಂದುತ್ತದೆ, ಆದುದರಿಂದ ಅದಕ್ಕೆ ಜ್ಯಾಜಿಯೇ ಯುಕ್ತ. ಚಿತ್ರಗಳನ್ನು ವೇಗವಾಗಿ ಪರಿಶೀಲಿಸಬಲ್ಲ ಜೆಟ್ಸನ್ ಓರಿನ್ ಹಲಗೆಗೆ ತಯಾರಕರು ಕೊಡುವ ಜೆಟ್‌ಪ್ಯಾಕ್ 6 ಉಬುಂಟು 22.04ನ್ನು ಆಧರಿಸಿದೆ, ಅದರೊಡನೆ ಕೂಡುವುದು ಹಂಬಲ್. 2019ರ ಜೆಟ್ಸನ್ ನ್ಯಾನೋವನ್ನು ಹಳೆಯ ಮಾಲೆಂದು ಸುಲಭ ಬೆಲೆಗೆ ಕೊಂಡವರು ಉಬುಂಟು 18.04ಕ್ಕೆ ಕಟ್ಟುಬೀಳುತ್ತಾರೆ, ಅದರ ಸಾಮಾನ್ಯ ಪೋಷಣೆಯು 2023ರಲ್ಲಿಯೇ ತೀರಿತು.

ತಪ್ಪಿದಲ್ಲಿ ಆಗುವ ಹಾನಿ

ಅವಧಿ ಮುಗಿದ ದಿನವೇ ಯಂತ್ರವು ನಿಲ್ಲುವುದೆಂದು ಭಾವಿಸಬಾರದು. ಅದು ನಡೆಯುತ್ತಲೇ ಇರುತ್ತದೆ. ಆಪತ್ತು ಬರುವುದು ಬೇರೆ ರೀತಿಯಲ್ಲಿ. ನೊಎಟಿಕ್ ಆವೃತ್ತಿಗೆ ಪಾಠಗಳು ಬೇಕಾದಷ್ಟು ದೊರೆಯುತ್ತವೆಂಬ ಒಂದೇ ಕಾರಣದಿಂದ ಯುವಕನೊಬ್ಬನು ಅದರಲ್ಲಿ ಯಂತ್ರವನ್ನು ಸಿದ್ಧಪಡಿಸಿದನೆಂದೂ, ಮೊದಲನೆಯ ಮದ್ದು ಮಳೆಗೆ ಮುಂಚೆಯೇ ಸರಿಯಾಗಿ ಆಯಿತೆಂದೂ ಎಣಿಸಬಹುದು. ಜೂನ್ ತಿಂಗಳಲ್ಲಿ ಸಿಡಿಲಿಗೆ ಗಣಕದ ಹಲಗೆಯು ಸುಟ್ಟುಹೋದರೆ ಅಂಗಡಿಯಲ್ಲಿ ದೊರೆಯುವುದು ಹೊಸ ಹಲಗೆ. ಅದರ ಮೇಲೆ ಹಳೆಯ ಉಬುಂಟು ಕೂರದು. ಹೊಸ ಉಬುಂಟುವಿನ ಮೇಲೆ ನೊಎಟಿಕ್ ಸಲೀಸಾಗಿ ಕೂರದು. ರೋಸ್ 2ಕ್ಕೆ ಬದಲಾಯಿಸಬೇಕಾದರೆ ಬರೆದ ಕ್ರಮವಿಧಿಗಳನ್ನು ಬಹುಭಾಗ ತಿದ್ದಿ ಬರೆಯಬೇಕು. ಎರಡನೆಯ ಮದ್ದಾದರೋ ಮೊದಲನೆಯದಾದ 40–45 ದಿನಗಳಲ್ಲಿ ಆಗತಕ್ಕದ್ದು. ತಂತ್ರಾಂಶವು ಸಿದ್ಧವಾಗುವ ಹೊತ್ತಿಗೆ ಗೊನೆಯು ಬರಿದಾಗಿರುತ್ತದೆ. ಇಲ್ಲವೆ, ಅಂಜುತ್ತಲೇ ಒಪ್ಪಿದ ಯಾವನೋ ಒಬ್ಬನು ಒದ್ದೆಯಾದ ಮರವನ್ನು ಏರಬೇಕಾಗುತ್ತದೆ.

ಅತಿ ಹೊಸದೂ ಹಿತವಲ್ಲ. ರೋಸ್‌ನ ಹೊಸ ಆವೃತ್ತಿಯು ಸಾಮಾನ್ಯವಾಗಿ ಮೇ 23ರ ಸುಮಾರಿಗೆ ಹೊರಬೀಳುವುದು. ತುಳುನಾಡಿನ ಪತ್ತನಾಜೆಯೂ ಆ ದಿನಗಳಲ್ಲಿಯೇ ಬರುತ್ತದೆ. ಆಟದ ಮೇಳಗಳೇ ಗೆಜ್ಜೆ ಬಿಚ್ಚುವ ಆ ಕಾಲದಲ್ಲಿ, ಮಳೆಯು ಹೊಸ್ತಿಲಲ್ಲಿರುವಾಗ, ಯಂತ್ರಕ್ಕೆ ಹೊಸ ತಂತ್ರಾಂಶವನ್ನು ತೊಡಿಸುವುದು ವಿವೇಕವಲ್ಲ. ಕ್ಯಾಮೆರಾ, ಮೋಟಾರುಗಳ ತಯಾರಕರು ತಮ್ಮ ಸಹಾಯಕ ತಂತ್ರಾಂಶಗಳನ್ನು ಹೊಸ ಆವೃತ್ತಿಗೆ ಹೊಂದಿಸುವುದಕ್ಕೂ ಕೆಲವು ತಿಂಗಳುಗಳು ಬೇಕಾಗುತ್ತವೆ.

ಅನುಸರಿಸತಕ್ಕ ಕ್ರಮ

1. ಮೊದಲು ಕೆಲಸವನ್ನೂ, ಬಳಿಕ ಹಲಗೆಯನ್ನೂ, ಆ ಮೇಲೆ ಅದಕ್ಕೆ ಒಪ್ಪುವ ಉಬುಂಟುವನ್ನೂ, ಕೊನೆಗೆ ರೋಸನ್ನೂ ನಿಶ್ಚಯಿಸತಕ್ಕದ್ದು. ಕ್ಯಾಮೆರಾ ಮತ್ತು ಮೋಟಾರುಗಳು ಆ ಜೋಡಿಯಲ್ಲಿ ನಡೆಯುವುದನ್ನು ಕೊಳ್ಳುವ ಮುಂಚೆ ಖಾತರಿ ಮಾಡಿಕೊಳ್ಳಬೇಕು.

2. ಸಮಸಂಖ್ಯೆಯ ವರ್ಷದ, ಒಂದು ಮಳೆಗಾಲವನ್ನಾದರೂ ಕಂಡ, ಇನ್ನು ಮೂರು ವರ್ಷವಾದರೂ ಅವಧಿಯುಳ್ಳ ಆವೃತ್ತಿಯನ್ನು ಆರಿಸುವುದು ಉತ್ತಮ. ಹಲಗೆಯ ಕಾರಣದಿಂದ ಅವಧಿ ಕಡಿಮೆಯಿರುವುದನ್ನು ಹಿಡಿಯಬೇಕಾದರೆ, ಬದಲಾವಣೆಯ ವರ್ಷವನ್ನು ಮೊದಲೇ ಗೊತ್ತುಮಾಡಬೇಕು.

3. ಯಂತ್ರವು ಸರಿಯಾಗಿ ನಡೆದ ದಿನವೇ ಮೆಮೊರಿ ಕಾರ್ಡಿನ ಎರಡು ಪ್ರತಿಗಳನ್ನು ತೆಗೆದು ಮನೆಯಲ್ಲಿರಿಸತಕ್ಕದ್ದು. ಅದೇ ಜಾತಿಯ ಹಲಗೆಯೊಂದನ್ನು ಹೆಚ್ಚಿಗೆ ಕೊಂಡಿಡತಕ್ಕದ್ದು. ಹೀಗಿದ್ದಲ್ಲಿ ಸುಟ್ಟ ಹಲಗೆಯನ್ನು ಒಂದೇ ದಿನದಲ್ಲಿ ಬದಲಾಯಿಸಬಹುದು.

4. ತಂತ್ರಾಂಶದ ಬದಲಾವಣೆಗಳೆಲ್ಲವೂ ಬೇಸಗೆಯಲ್ಲಿಯೇ ಆಗಬೇಕು. ಪತ್ತನಾಜೆಯಿಂದ ದೀಪಾವಳಿಯವರೆಗೆ ಏನನ್ನೂ ಮುಟ್ಟಬಾರದು. ಕಲಿಯುವುದಕ್ಕೆ ವಿಂಡೋಸ್ ಗಣಕವಾದರೂ ಸಾಕು. ತೋಟಕ್ಕಿಳಿಯುವ ಯಂತ್ರದಲ್ಲಿ ಉಬುಂಟುವೇ ನೇರವಾಗಿರಬೇಕು, ಇಂಟರ್ನೆಟ್ ಇಲ್ಲದೆಯೂ ಅದು ನಡೆಯಬೇಕು.

5. ಹಲಗೆಯ ಹೆಸರು, ಎರಡು ಆವೃತ್ತಿಗಳು, ಅವುಗಳ ಅವಧಿ ಇವನ್ನು ಪುಸ್ತಕದಲ್ಲಿ ಬರೆದಿಡಬೇಕು. ಬರೆದ ಕ್ರಮವಿಧಿಗಳ ಪ್ರತಿಯು ತೋಟದವರ ವಶದಲ್ಲಿಯೂ ಇರಬೇಕು. ಮಾಡಿದ ಯುವಕನು ಉದ್ಯೋಗಕ್ಕೆಂದು ಬೆಂಗಳೂರಿಗೆ ಹೋದರೆ, ಇನ್ನೊಬ್ಬನು ಅದನ್ನು ನೋಡಿ ಮುಂದುವರಿಸುವಂತಿರಬೇಕು.

ಊರಿನ ಮುಖಂಡರು ಇನ್ನೊಂದು ಉಪಕಾರವನ್ನು ಮಾಡಬಹುದು. ಆಸುಪಾಸಿನ ನಾಲ್ಕಾರು ತೋಟಗಳವರು ಒಂದೇ ಹಲಗೆಯನ್ನೂ ಒಂದೇ ಜೋಡಿಯನ್ನೂ ಹಿಡಿಯುವಂತೆ ಒಪ್ಪಿಸಿದಲ್ಲಿ, ಹೆಚ್ಚಿನ ಹಲಗೆಗಳನ್ನು ಸಹಕಾರಿ ಸಂಘದಲ್ಲಿಯೇ ಕೂಡಿಡಬಹುದು. ಒಬ್ಬನ ಯಂತ್ರದ ದೋಷವನ್ನು ತಿದ್ದಿದ ವಿದ್ಯೆಯು ಎಲ್ಲರಿಗೂ ಬರುತ್ತದೆ. ಯುವಕರು ಯಂತ್ರದ ನಕ್ಷೆಯೊಡನೆ ಬಂದಾಗ, ಅದರ ವೆಚ್ಚವೆಷ್ಟೆಂದು ಕೇಳುವುದರ ಜೊತೆಯಲ್ಲಿ, ಅದರ ತಂತ್ರಾಂಶವು ಯಾವ ವರ್ಷದವರೆಗೆ ಬಾಳತಕ್ಕದ್ದೆಂಬುದನ್ನೂ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯುವುದು ಹಿಡುವಳಿದಾರರಿಗೆ ಕ್ಷೇಮ.