ಗಿಡುಗ ಪಳಗಿಸಿದವರ ಕೈಗುಣ

ಆಲೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಮುಂಗಾರು ಹಿಡಿಯುವ ಮೊದಲು ಮರಗಸಿ ನಡೆಯುತ್ತದೆ. ನೆರಳು ಹೆಚ್ಚಾದರೆ ಫಸಲು ಕಡಿಮೆ, ಮಳೆಗಾಲದಲ್ಲಿ ಕೊಳೆರೋಗದ ಕಾಟ ಬೇರೆ. ಹಾಗಾಗಿ ಮರ ಹತ್ತಬಲ್ಲವರನ್ನು ಕರೆಸಿ ಕೊಂಬೆ ಕಡಿಸುತ್ತಾರೆ. ಶಿಕ್ರ ಎಂಬ ಸಣ್ಣ ಗಿಡುಗ ಮೊಟ್ಟೆಯಿಟ್ಟು ಮರಿ ಮಾಡುವುದೂ ಮಾರ್ಚ್‌ನಿಂದ ಜೂನ್‌ವರೆಗಿನ ಅದೇ ದಿನಗಳಲ್ಲಿ. ಕೊಂಬೆಯ ಜತೆ ಗೂಡೂ ಕೆಳಗೆ ಬಿದ್ದರೆ ಬಿಳಿ ತುಪ್ಪಳದ ಮರಿಗಳು ಯಾರದೋ ಕೈ ಸೇರುತ್ತವೆ. ಕರುಣೆಯಿಂದಲೇ ಹಾಲು ಹನಿಸುತ್ತಾರೆ, ಅನ್ನ ಕಲಸಿ ಬಾಯಿಗಿಡುತ್ತಾರೆ, ಮರಿ ಸಾಯುತ್ತದೆ. ಸ್ವಲ್ಪ ತಿಳಿದವರು ಕೋಳಿ ಮಾಂಸದ ಚೂರು ಕೊಡುತ್ತಾರೆ. ಮೂಳೆಯಿಲ್ಲದ ಬರೀ ಮಾಂಸ ತಿಂದ ಮರಿಗೆ ಸುಣ್ಣದಂಶ ಸಾಲದೆ ಕಾಲೆಲುಬು ಬಾಗುತ್ತದೆ. ಅದೂ ದಾಟಿ ಬೆಳೆದರೆ, ಸಾಕಿದವರನ್ನೇ ತನ್ನ ಜಾತಿಯೆಂದು ನಂಬಿದ ಹಕ್ಕಿ ಕಾಡಿಗೆ ಮರಳಲಾರದು. ಈ ಮೂರು ತಪ್ಪುಗಳನ್ನೂ ಮಾಡದೆ ಮರಿ ಬೆಳೆಸುವ ವಿದ್ಯೆ ಲೋಕದಲ್ಲಿ ಸಾವಿರಾರು ವರ್ಷಗಳಿಂದ ಇದೆ. ಅದನ್ನು ಕಾಪಾಡಿಕೊಂಡು ಬಂದವರು ಗಿಡುಗಬೇಟೆಯವರು. ಬೇಟೆ ನಮ್ಮಲ್ಲಿ ನಿಂತದ್ದು ಒಳ್ಳೆಯದೇ ಆಯಿತು. ಬೇಟೆಯ ಜತೆಗೆ ವಿದ್ಯೆಯನ್ನೂ ಕೈಬಿಟ್ಟೆವಲ್ಲ, ಅದರ ನಷ್ಟವನ್ನು ಮಾತ್ರ ಯಾರೂ ಲೆಕ್ಕ ಹಾಕಿದಂತಿಲ್ಲ.

ಕನ್ನಡ ನಾಡಿಗೆ ಇದು ಹೊಸದಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 1130ರ ಆಸುಪಾಸಿನಲ್ಲಿ ಬರೆದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಅಡುಗೆ, ಮಲ್ಲಯುದ್ಧ, ಮೀನು ಹಿಡಿಯುವುದು ಇವುಗಳ ಸಾಲಿನಲ್ಲೇ ಶ್ಯೇನ ವಿನೋದವೂ, ಅಂದರೆ ಗಿಡುಗ ಪಳಗಿಸಿ ಬೇಟೆಯಾಡಿಸುವ ವಿಷಯವೂ ಬರುತ್ತದೆ. ಬೇಲೂರಿನಲ್ಲಿ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ವಿಷ್ಣುವರ್ಧನ ಇದೇ ಚಾಲುಕ್ಯರ ಸಾಮಂತನಾಗಿದ್ದವನು, ಸೋಮೇಶ್ವರನ ಸಮಕಾಲೀನ. ಡೇಗೆ, ಸಾಳುವ, ಗಿಡುಗ ಎಂದು ಬೇಟೆಹಕ್ಕಿಗಳಿಗೆ ಹಳೆಯ ಕನ್ನಡದಲ್ಲಿ ಬೇರೆಬೇರೆ ಹೆಸರುಗಳೇ ಇದ್ದವು. ಮುಂದೆ ಮೊಗಲರ ಕಾಲಕ್ಕೆ ಇದು ದೊಡ್ಡ ರಾಜವೈಭವವಾಯಿತು. ಕೊನೆಯ ಹೊತ್ತಿಗೆ ಭಾವನಗರದಂಥ ಕೆಲವು ಸಂಸ್ಥಾನಗಳಲ್ಲಿ ಉಳಿದುಕೊಂಡಿತು. ಆ ಮನೆತನದ ಆರ್.ಎಸ್. ಧರ್ಮಕುಮಾರಸಿಂಹಜಿ ಗಿಡುಗ ಹಾರಿಸುತ್ತ ಹಾರಿಸುತ್ತಲೇ ಪಕ್ಷಿತಜ್ಞರಾದವರು. ಸೌರಾಷ್ಟ್ರದ ಹಕ್ಕಿಗಳ ಬಗ್ಗೆ 1955ರಲ್ಲಿ ಅವರು ತಂದ ಪುಸ್ತಕಕ್ಕೆ ಇಂದಿಗೂ ಬೆಲೆಯಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡಿನ ಗಿಡುಗ ಹಿಡಿಯುವುದು, ಸಾಕುವುದು, ಅದರಿಂದ ಬೇಟೆಯಾಡಿಸುವುದು ಎಲ್ಲವೂ ಅಪರಾಧವಾದವು. ಅಲ್ಲಿಗೆ ಕಥೆ ಮುಗಿಯಿತು.

ಈ ವಿದ್ಯೆಯಲ್ಲಿ ಅಂಥದ್ದೇನಿದೆ ಎಂದು ಕೇಳುವವರಿಗೆ ಗರಿ ಜೋಡಿಸುವ ಕೆಲಸವೊಂದನ್ನೇ ವಿವರಿಸಿದರೆ ಸಾಕು. ಗಿಡುಗದ ಒಂದೊಂದು ರೆಕ್ಕೆಯ ಹೊರತುದಿಯಲ್ಲಿ ಹತ್ತು ದೊಡ್ಡ ಗರಿಗಳಿರುತ್ತವೆ. ಗಾಳಿಪಟದ ಮಾಂಜಾಗೆ ಸಿಕ್ಕಿಯೋ ಬೇಲಿಯ ತಂತಿಗೆ ಬಡಿದೋ ಅವುಗಳಲ್ಲಿ ನಾಲ್ಕೈದು ಮುರಿದರೆ ಹಕ್ಕಿ ಬೇಟೆಯಾಡಲಾರದು. ಮುರಿದ ಗರಿಯ ಬುಡ ಚರ್ಮದೊಳಗೇ ಕೂತಿರುವುದರಿಂದ ಹೊಸ ಗರಿ ಮೂಡಲು ಮುಂದಿನ ಗರಿ ಉದುರುವ ಕಾಲ ಬರಬೇಕು. ಕಿತ್ತರೆ ಬೇಗ ಬರುತ್ತದೆಂದು ಕೀಳುವಂತಿಲ್ಲ, ಬೇರು ಕೆಟ್ಟರೆ ಆ ಜಾಗದಲ್ಲಿ ಗರಿಯೇ ಬರದೆ ಹೋಗಬಹುದು. ತಿಂಗಳುಗಟ್ಟಲೆ ಪಂಜರದಲ್ಲಿಟ್ಟರೆ ಉಳಿದ ಗರಿಗಳೂ ಸರಳಿಗೆ ಉಜ್ಜಿ ಹಾಳಾಗುತ್ತವೆ, ಪಾದದಲ್ಲಿ ಹುಣ್ಣಾಗುತ್ತದೆ. ಗಿಡುಗ ಪಳಗಿಸುವವರು ಇದಕ್ಕೆ ಕಂಡುಕೊಂಡ ದಾರಿ, ಮಾವಿಗೆ ಕಸಿ ಕಟ್ಟಿದಂತೆ ಗರಿಗೆ ಗರಿ ಕಟ್ಟುವುದು. ಮುರಿದ ಗರಿಯ ದಂಟನ್ನು ಬುಡದಿಂದ ಸ್ವಲ್ಪ ಮೇಲೆ, ಟೊಳ್ಳು ಕಾಣುವಲ್ಲಿ ನೇರವಾಗಿ ಕತ್ತರಿಸುತ್ತಾರೆ. ಅದೇ ಜಾತಿಯ ಬೇರೊಂದು ಹಕ್ಕಿ ಉದುರಿಸಿದ, ಅದೇ ಪಕ್ಕದ ರೆಕ್ಕೆಯ, ಅದೇ ಸಂಖ್ಯೆಯ ಗರಿಯನ್ನು ಹುಡುಕಿ ಅಳತೆಗೆ ಕತ್ತರಿಸುತ್ತಾರೆ. ಎಡ ರೆಕ್ಕೆಯದು ಬಲಕ್ಕೆ ಆಗದು, ಏಳನೆಯದು ಎಂಟನೆಯದರ ಜಾಗದಲ್ಲಿ ಕೂರದು. ಬಿದಿರನ್ನು ಸೂಜಿಯಷ್ಟು ಸಣ್ಣಗೆ ಕೆತ್ತಿ, ಒಳಗೆ ತಿರುಗದಂತೆ ಅಂಚು ಉಳಿಸಿ, ಅಂಟು ಸವರಿ ಅರ್ಧ ಹೊಸ ಗರಿಯೊಳಗೆ, ಅರ್ಧ ಹಳೆಯ ದಂಟಿನೊಳಗೆ ತೂರಿಸುತ್ತಾರೆ. ಅಂಟು ಪಕ್ಕದ ಗರಿಗೆ ತಾಗದಿರಲೆಂದು ಕೆಳಗೊಂದು ರಟ್ಟಿನ ಚೂರು. ಗರಿಯ ಬಾಗು ಅಕ್ಕಪಕ್ಕದವುಗಳ ಬಾಗಿಗೆ ಕೂಡಿದರೆ ಕೆಲಸ ಮುಗಿಯಿತು. ಮುಂದಿನ ಸಲ ಗರಿ ಉದುರುವವರೆಗೆ ಹಕ್ಕಿ ಅದರಲ್ಲೇ ಹಾರುತ್ತದೆ, ಬೇಟೆಯಾಡುತ್ತದೆ. ಲೋಕದ ಉದ್ದಗಲಕ್ಕೂ ಗಾಯಗೊಂಡ ಹದ್ದು ಗಿಡುಗಗಳ ಆರೈಕೆ ಕೇಂದ್ರಗಳಲ್ಲಿ ಈ ಕೆಲಸ ಇಂದಿಗೂ ನಡೆಯುತ್ತಿದೆ. ಕಲಿಸಿದ್ದು ಯಾವ ಪಶುವೈದ್ಯ ಕಾಲೇಜೂ ಅಲ್ಲ, ಬೇಟೆಯವರು.

ಚರ್ಮದ ಕುಲಾವಿಯಿಂದ ಕಣ್ಣು ಮುಚ್ಚಿ ಹಕ್ಕಿಯನ್ನು ಶಾಂತವಾಗಿಡುವುದು, ದಿನವೂ ತಕ್ಕಡಿಯಲ್ಲಿ ತೂಗಿ ಕೆಲವೇ ಗ್ರಾಂ ಹೆಚ್ಚುಕಡಿಮೆಯಲ್ಲಿ ಅದರ ಹಸಿವನ್ನೂ ಆರೋಗ್ಯವನ್ನೂ ಓದುವುದು, ಉದ್ದನೆಯ ದಾರ ಕಟ್ಟಿ ಹಾರಿಸಿ ರೆಕ್ಕೆಗೆ ಬಲ ತುಂಬುವುದು ಇವೂ ಅವರದೇ. ಇವೆಲ್ಲ ಒಂದು ಇಡೀ ಜಾತಿಯನ್ನು ಉಳಿಸಲು ನೆರವಾದದ್ದು ಅಮೆರಿಕದಲ್ಲಿ. ಕೀಟನಾಶಕ ಡಿಡಿಟಿ ಆಹಾರದ ಮೂಲಕ ಪೆರೆಗ್ರಿನ್ ಗಿಡುಗಗಳ ಮೈ ಸೇರಿ, ಮೊಟ್ಟೆಯ ಚಿಪ್ಪು ತೆಳುವಾಗಿ, ಕಾವಿಗೆ ಕೂತ ತಾಯಿಯ ಭಾರಕ್ಕೇ ಒಡೆಯುತ್ತಿತ್ತು. 1960ರ ದಶಕದ ನಡುವಿಗೆ ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಗೂಡು ಕಟ್ಟುವ ಒಂದು ಜೋಡಿಯೂ ಉಳಿದಿರಲಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಟಾಮ್ ಕೇಡ್ 1970ರಲ್ಲಿ ಪೆರೆಗ್ರಿನ್ ಫಂಡ್ ಎಂಬ ಸಂಸ್ಥೆ ಆರಂಭಿಸಿದರು. ಅವರೂ ಗಿಡುಗ ಹಾರಿಸುವವರೇ, ತಳಿ ಬೆಳೆಸಲು ತಮ್ಮ ಹಕ್ಕಿಗಳನ್ನು ಕೊಟ್ಟವರೂ ಅಂಥವರೇ. ಸೆರೆಯಲ್ಲಿ ಪೆರೆಗ್ರಿನ್ ಮರಿ ಮಾಡುವುದೇ ಇಲ್ಲವೆಂದು ಆಗ ಬಹಳ ಜನ ನಂಬಿದ್ದರು. ಇಲ್ಲೊಂದು ತಮಾಷೆಯಿದೆ. ಮನುಷ್ಯರ ಕೈಯಲ್ಲಿ ಬೆಳೆದು ಅವರನ್ನೇ ಜೋಡಿಯೆಂದು ತಿಳಿದ ಗಂಡು ಹಕ್ಕಿಗಳಿಗಾಗಿ ಒಂದು ವಿಶೇಷ ಟೋಪಿ ಮಾಡಿದರು. ಹಕ್ಕಿ ಬಂದು ಟೋಪಿಯ ಮೇಲೆ ಕೂತು ಕೂಡುತ್ತಿತ್ತು, ಅಂಚಿನಲ್ಲಿ ಸಿಕ್ಕ ವೀರ್ಯದಿಂದ ಹೆಣ್ಣಿಗೆ ಕೃತಕ ಗರ್ಭಧಾರಣೆ ಮಾಡುತ್ತಿದ್ದರು. ಸಾಕಿದ ಹಕ್ಕಿಯ ದೋಷವೆನಿಸಿದ್ದನ್ನೇ ಉಪಯೋಗಕ್ಕೆ ತಂದ ಬುದ್ಧಿವಂತಿಕೆ ಇದು. ಮರಿಗಳನ್ನು ಎತ್ತರದ ಗೋಪುರದ ಪೆಟ್ಟಿಗೆಯಲ್ಲಿಟ್ಟು, ಮನುಷ್ಯರ ಮುಖ ಕಾಣದಂತೆ ಕೊಳವೆಯಿಂದ ಆಹಾರ ಜಾರಿಸಿ, ರೆಕ್ಕೆ ಬಲಿತ ಮೇಲೆ ಬಾಗಿಲು ತೆರೆದು, ತಾವೇ ಬೇಟೆ ಕಲಿಯುವವರೆಗೂ ಅಲ್ಲೇ ಊಟ ಇಡುವ ಕ್ರಮಕ್ಕೂ ಹಳೆಯ ಬೇಟೆಯವರ ರೂಢಿಯೇ ಮೂಲ. ಪೆರೆಗ್ರಿನ್ ಫಂಡ್ ಹೀಗೆ 4,000ಕ್ಕೂ ಹೆಚ್ಚು ಹಕ್ಕಿಗಳನ್ನು ಹೊರಬಿಟ್ಟಿತು. 1999ರಲ್ಲಿ ಪೆರೆಗ್ರಿನ್ ಆ ದೇಶದ ಅಪಾಯದಂಚಿನ ಪಟ್ಟಿಯಿಂದ ಹೊರಬಂತು. ನಮ್ಮ ಪಶ್ಚಿಮ ಘಟ್ಟದ ಬಂಡೆಗಳಲ್ಲಿ ಗೂಡು ಮಾಡುವ ಶಾಹೀನ್ ಇದೇ ಪೆರೆಗ್ರಿನ್‌ನ ಒಂದು ಉಪಜಾತಿ.

ಮಾರಿಷಸ್‌ನ ಕಥೆ ಇನ್ನೂ ಇಕ್ಕಟ್ಟಿನದು. 1974ರಲ್ಲಿ ಅಲ್ಲಿನ ಕೆಸ್ಟ್ರೆಲ್ ಎಂಬ ಪುಟ್ಟ ಗಿಡುಗ ಕಾಡಿನಲ್ಲಿ ನಾಲ್ಕೇ ನಾಲ್ಕು ಉಳಿದಿದ್ದವು. ಹುಡುಗನಾಗಿದ್ದಾಗಿಂದ ಗಿಡುಗ ಸಾಕಿ ಬಲ್ಲ ಕಾರ್ಲ್ ಜೋನ್ಸ್ 1979ರಲ್ಲಿ ಅಲ್ಲಿಗೆ ಹೋಗಿ, ಮೊದಲ ಸಲದ ಮೊಟ್ಟೆಗಳನ್ನು ತೆಗೆದು ಕಾವುಯಂತ್ರಕ್ಕಿಟ್ಟರು, ಹಕ್ಕಿ ಮತ್ತೊಮ್ಮೆ ಮೊಟ್ಟೆಯಿಟ್ಟಿತು. ಆ ಸಂತತಿ ನೂರಾರಾಯಿತು.

ಇದೆಲ್ಲ ಹೊರದೇಶದ ಮಾತು ಎನ್ನುವವರು ನಮ್ಮ ರಣಹದ್ದುಗಳ ಕಡೆ ನೋಡಬೇಕು. 1990ರ ದಶಕದಲ್ಲಿ ಭಾರತದ ರಣಹದ್ದುಗಳು ಸಾಲುಸಾಲಾಗಿ ಸತ್ತವು. ಬಿಳಿಬೆನ್ನಿನ ರಣಹದ್ದು ನೂರಕ್ಕೆ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ನಾಶವಾಯಿತು. ದನಗಳಿಗೆ ಕೊಡುವ ನೋವಿನ ಔಷಧಿ ಡೈಕ್ಲೋಫೆನಾಕ್ ಇದಕ್ಕೆ ಕಾರಣವೆಂದು 2004ರಲ್ಲಿ ತೋರಿಸಿಕೊಟ್ಟ ತಂಡ ಪೆರೆಗ್ರಿನ್ ಫಂಡ್‌ನ ಜತೆಗೂಡಿ ಪಾಕಿಸ್ತಾನದಲ್ಲಿ ಕೆಲಸ ಮಾಡಿತ್ತು, ಅದರ ಮುಂದಾಳು ಪಶುವೈದ್ಯ ಲಿಂಡ್ಸೆ ಓಕ್ಸ್. 2006ರಲ್ಲಿ ಭಾರತ ಆ ಔಷಧಿಯನ್ನು ಜಾನುವಾರುಗಳಿಗೆ ಬಳಸದಂತೆ ನಿಷೇಧಿಸಿತು. ಹರಿಯಾಣದ ಪಿಂಜೋರ್‌ನಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ರಣಹದ್ದುಗಳ ತಳಿ ಬೆಳೆಸಲು ಹೊರಟಾಗ ಸಲಹೆಗೆ ಬಂದವರಲ್ಲಿ ಇಂಗ್ಲೆಂಡಿನ ಜೆಮೀಮಾ ಪ್ಯಾರಿ-ಜೋನ್ಸ್ ಒಬ್ಬರು, ಗಿಡುಗ ಪಳಗಿಸುವ ಮನೆತನದಲ್ಲೇ ಹುಟ್ಟಿ ಬೆಳೆದವರು. 2012ರಲ್ಲಿ ರಣಹದ್ದು ಧಾಮವಾದ ನಮ್ಮ ರಾಮದೇವರ ಬೆಟ್ಟದಲ್ಲಿ ಉಳಿದಿರುವ ಬೆರಳೆಣಿಕೆಯ ರಣಹದ್ದುಗಳ ಮೇಲೂ ಔಷಧಿ ನಿಷೇಧದ ಆ ಋಣವಿದೆ.

ಹಾಗೆಂದು ಗಿಡುಗಬೇಟೆಯವರನ್ನು ಸಂತರಂತೆ ಕೂರಿಸಬೇಕಾಗಿಲ್ಲ. ಮಧ್ಯ ಏಷ್ಯಾದ ಸೇಕರ್ ಗಿಡುಗ ಇಂದು ಅಳಿವಿನಂಚಿನಲ್ಲಿರುವುದಕ್ಕೆ ಅರಬ್ ದೇಶಗಳ ಬೇಟೆಶೋಕಿಗಾಗಿ ಕಾಡಿನಿಂದ ಹಿಡಿದದ್ದೂ ಒಂದು ಮುಖ್ಯ ಕಾರಣ. ಅವರ ಗಿಡುಗಗಳಿಗೆ ಬಲಿಯಾಗಿ ಹೌಬಾರ ಹಕ್ಕಿಯೂ ಸೊರಗಿದೆ. ಮಂಗೋಲಿಯದಲ್ಲಿ ಅಬುಧಾಬಿಯ ಹಣದಿಂದ ಸೇಕರ್‌ಗಳಿಗೆ ಸುಮಾರು 5,000 ಕೃತಕ ಗೂಡು ನಿಲ್ಲಿಸಿದ್ದನ್ನು ಪ್ರಾಯಶ್ಚಿತ್ತ ಎನ್ನಬಹುದು, ಪುಣ್ಯಕಾರ್ಯ ಎನ್ನಲಾಗದು. ಯುನೆಸ್ಕೊ 2010ರಲ್ಲಿ ಈ ಬೇಟೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತೆಂಬುದೂ ಅದನ್ನು ಇಲ್ಲಿ ಮತ್ತೆ ಶುರುಮಾಡಲು ಕಾರಣವಾಗದು. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಕಾಡು ಉಳಿಯದಿದ್ದರೆ ಹಕ್ಕಿ ಉಳಿಸಿ ಏನು ಫಲ? ಮಾರಿಷಸ್ ಕೆಸ್ಟ್ರೆಲ್ ಚೇತರಿಸಿಕೊಂಡ ಮೇಲೂ 2014ರಲ್ಲಿ ಮತ್ತೆ ಅಳಿವಿನಂಚಿನ ವರ್ಗಕ್ಕೆ ಇಳಿಯಿತು. ಆಲೂರಿನ ಸೀಮೆಯಲ್ಲಿ ಅತ್ತಿ, ಹಲಸು, ನಂದಿಯಂಥ ಹಳೆಯ ಮರ ಹೋದಲ್ಲಿ ಸಿಲ್ವರ್ ಓಕ್ ಬರುತ್ತಿದೆ, ಗದ್ದೆಗಳು ಶುಂಠಿಗೆ ತಿರುಗಿ ಔಷಧಿ ಸಿಂಪಡಣೆ ಕಾಣುತ್ತಿವೆ. ಹಾವುಗಿಡುಗಕ್ಕೆ ಗೂಡು ಕಟ್ಟಲು ಕವಲೊಡೆದ ದೊಡ್ಡ ಮರ ಬೇಕು. ನೇರ ಕಂಬದಂತೆ ಬೆಳೆಯುವ ಸಿಲ್ವರ್ ಓಕ್ ಅದಕ್ಕೆ ಬದಲಿಯಾಗದು. ಈ ಮಾತನ್ನು ಒಪ್ಪಲೇಬೇಕು. ಆದರೆ ಮರ ಉಳಿಸುವ ಕೆಲಸಕ್ಕೂ ಬಿದ್ದ ಮರಿ ಎತ್ತುವ ಕೆಲಸಕ್ಕೂ ಜಗಳವಿಲ್ಲ. ದೊಡ್ಡ ಗಿಡುಗಗಳು ವರ್ಷಕ್ಕೆ ಒಂದೋ ಎರಡೋ ಮರಿ ಮಾಡುವಂಥವು, ಹಾವುಗಿಡುಗ ಇಡುವುದು ಸಾಮಾನ್ಯವಾಗಿ ಒಂದೇ ಮೊಟ್ಟೆ. ಅಂಥಲ್ಲಿ ಪ್ರಾಯಕ್ಕೆ ಬಂದ ಒಂದು ಹಕ್ಕಿ ಮತ್ತೆ ಹಾರಿದರೆ ಅದು ಸಣ್ಣ ಲೆಕ್ಕವಲ್ಲ. ಹೀಗೆ ಹಕ್ಕಿ ಆರೈಕೆ ಮಾಡುವವರಿಗೆ ಪರವಾನಗಿ ಕೊಟ್ಟರೆ ಕಳ್ಳಸಾಗಣೆಗೆ ದಾರಿಯಾಗುತ್ತದೆ ಎನ್ನುವವರ ಭಯವೂ ನಿಜವೇ. ಹಕ್ಕಿಯನ್ನು ಖಾಸಗಿಯವರ ಸುಪರ್ದಿಗೆ ಕೊಡದೆ, ಕಾಲಿಗೆ ಉಂಗುರ ತೊಡಿಸಿ ಅರಣ್ಯ ಇಲಾಖೆಯ ಲೆಕ್ಕದಲ್ಲೇ ಇಟ್ಟರೆ ಆ ಭಯ ಬಹಳಮಟ್ಟಿಗೆ ಕಳೆಯುತ್ತದೆ.

ಈ ವಿದ್ಯೆಗೆ ಬೇಕಾದ ಕೈಗಳು ಹಾಸನ ಜಿಲ್ಲೆಯಲ್ಲೇ ಇವೆ. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿ ಹಕ್ಕಿಪಿಕ್ಕಿ ಜನ ನೆಲೆಸಿದ್ದಾರೆ. ಬಲೆ, ಉರುಲುಗಳಲ್ಲಿ ಹಕ್ಕಿ ಹಿಡಿಯುವುದು ತಲೆಮಾರುಗಳಿಂದ ಅವರ ಕಸುಬಾಗಿತ್ತು. ಕಾನೂನು ಅದನ್ನು ಅಪರಾಧವಾಗಿಸಿದ ಮೇಲೆ ಮಣಿ ಸರ, ಗಿಡಮೂಲಿಕೆ, ತಲೆಗೂದಲ ಎಣ್ಣೆ ಮಾರುತ್ತ ಊರೂರು, ದೇಶದೇಶ ತಿರುಗುತ್ತಿದ್ದಾರೆ. 2023ರಲ್ಲಿ ಸುಡಾನ್ ಯುದ್ಧದಲ್ಲಿ ಸಿಕ್ಕಿಬಿದ್ದಾಗಲಷ್ಟೆ ಅವರು ಸುದ್ದಿಯಾದದ್ದು. ಬಿಹಾರದಲ್ಲಿ ಇಂಥದೇ ಮೀರ್‌ಶಿಕಾರ್ ಸಮುದಾಯದ ಅಲಿ ಹುಸೇನ್ ಅವರನ್ನು ಸಲೀಂ ಅಲಿ ಅವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳಿಗೆ ಉಂಗುರ ತೊಡಿಸುವ ಕೆಲಸಕ್ಕೆ ತೆಗೆದುಕೊಂಡಿತು. ಗರಿಯೊಂದೂ ಮುರಿಯದೆ ಹಕ್ಕಿ ಹಿಡಿಯುವ ಅವರ ಕೈಚಳಕ ನೋಡಿ ಅಮೆರಿಕದವರೂ ಕೊಕ್ಕರೆ ಹಿಡಿಯಲು ಕರೆಸಿಕೊಂಡರು. ಅಂಗಡಿಹಳ್ಳಿಯ ನಾಲ್ಕು ಯುವಕರಿಗೆ ಅರಣ್ಯ ಇಲಾಖೆ ಅಂಥದೊಂದು ಕೆಲಸ ಕೊಟ್ಟು, ಪಶುವೈದ್ಯರ ಜತೆ ಕೂರಿಸಿ ತರಬೇತಿ ಕೊಡಿಸಲು ಕಾಯ್ದೆಯ ಅಡ್ಡಿಯಿಲ್ಲ. ಅದರ 12ನೇ ಸೆಕ್ಷನ್‌ನಲ್ಲಿ ಶಿಕ್ಷಣ, ಸಂಶೋಧನೆ, ವೈಜ್ಞಾನಿಕ ನಿರ್ವಹಣೆಗೆಂದು ಪರವಾನಗಿ ಕೊಡುವ ಅವಕಾಶವಿದೆ. ಜತೆಗೆ ಒಂದು ಗರಿ ಭಂಡಾರ ಬೇಕು. ಇಂದಿನ ಸ್ಥಿತಿಯಲ್ಲಿ ತೋಟದಲ್ಲಿ ಉದುರಿಬಿದ್ದ ಗಿಡುಗದ ಗರಿ ಎತ್ತಿಟ್ಟುಕೊಂಡರೂ ಕಾನೂನಿನ ಕಣ್ಣಿಗೆ ಅದು ವನ್ಯಜೀವಿಯ ಅಂಗ. ಇಲಾಖೆಯೇ ಅವನ್ನು ಸಂಗ್ರಹಿಸಿ, ಜಾತಿ, ರೆಕ್ಕೆಯ ಪಕ್ಕ, ಗರಿಯ ಸಂಖ್ಯೆ ಬರೆದು ಕವರಿನಲ್ಲಿಟ್ಟರೆ ಆಯಿತು. ಕಟ್ಟಡ ಬೇಡ, ಒಂದು ಬೀರು ಸಾಕು. ಕಾಡಾನೆಗಳ ಹಿಂದೆ ಹಗಲೂ ರಾತ್ರಿ ಓಡುವ ಆಲೂರು, ಸಕಲೇಶಪುರದ ಅರಣ್ಯ ಸಿಬ್ಬಂದಿಗೆ ಹಕ್ಕಿಗಳ ನೆನಪಾಗುವುದು ಕಷ್ಟ ಎಂಬುದೂ ಗೊತ್ತಿರುವ ಸಂಗತಿಯೇ.

ಅದೆಲ್ಲ ಆಗುವವರೆಗೆ ತೋಟದವರು ಇಷ್ಟು ಮಾಡಬಹುದು. ಮರಗಸಿಗೆ ಮೊದಲು ಮರದ ಮೇಲೆ ಗೂಡಿದೆಯೇ ಎಂದು ಕೆಳಗಿನಿಂದ ಒಮ್ಮೆ ನೋಡಿಸಿ, ಇದ್ದರೆ ಆ ಒಂದು ಮರವನ್ನು ಮರಿ ಹಾರುವವರೆಗೆ ಬಿಟ್ಟುಬಿಡಿ. ಗಿಡುಗವೋ ಗೂಬೆಯೋ ಪೆಟ್ಟಾಗಿ ಬಿದ್ದಿದ್ದರೆ ಟವೆಲ್ ಹೊದೆಸಿ, ಉಗುರಿನ ಬಗ್ಗೆ ಎಚ್ಚರವಿಟ್ಟು ಹಿಡಿದು, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಮುಚ್ಚಿ. ಕತ್ತಲಾದರೆ ಹಕ್ಕಿ ಶಾಂತವಾಗುತ್ತದೆ. ಹಾಲು, ನೀರು, ಅನ್ನ ಯಾವುದನ್ನೂ ಬಾಯಿಗೆ ಹಾಕಬೇಡಿ. ತಂತಿಯ ಪಂಜರದಲ್ಲಂತೂ ಇಡಲೇಬೇಡಿ, ಗರಿ ಮುರಿಯುತ್ತದೆ. ಪೆಟ್ಟಿಗೆಯನ್ನು ಸದ್ದಿಲ್ಲದ ಕೋಣೆಯಲ್ಲಿಟ್ಟು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.