ಜಿಲ್ಲೆಯ ಸರಾಸರಿಯಲ್ಲಿ ಅಜ್ಜೀಪುರ ಎಲ್ಲಿದೆ?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019–21) ಪ್ರಕಾರ ಕರ್ನಾಟಕದಲ್ಲಿ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ ಎಂದೂ ಅದೇ ವರದಿ ಹೇಳುತ್ತದೆ. ದೊಡ್ಡ ಕೆಲಸ, ಅನುಮಾನವಿಲ್ಲ. ಆದರೆ ಆ ಲೆಕ್ಕ ಜಿಲ್ಲೆಯ ಮಟ್ಟಕ್ಕೇ ನಿಲ್ಲುತ್ತದೆ. ಆಯ್ದ ಊರೊಂದರಲ್ಲಿ 22 ಮನೆ, ಇಡೀ ಜಿಲ್ಲೆಗೆ ಹೆಚ್ಚುಕಡಿಮೆ 900 ಮನೆ. ಕೊಳ್ಳೇಗಾಲದ ಗದ್ದೆ ಬಯಲು, ಯಳಂದೂರಿನ ಬಿಳಿಗಿರಿರಂಗನ ಬೆಟ್ಟ, ಹನೂರು ತಾಲ್ಲೂಕಿನ ಅಜ್ಜೀಪುರ, ಮಲೆ ಮಹದೇಶ್ವರ ಬೆಟ್ಟದ ಸೋಲಿಗರ ಪೋಡುಗಳು (ಹಾಡಿಗಳು) ಎಲ್ಲವೂ ಚಾಮರಾಜನಗರ ಜಿಲ್ಲೆ ಎಂಬ ಒಂದೇ ಅಂಕಿಯಲ್ಲಿ ಕರಗುತ್ತವೆ. 2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯ ಬಿಸಿಯೂಟ ಪೋಡಿನ ಬಾಣಂತಿಗೆ ಮುಟ್ಟುತ್ತಿದೆಯೇ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಆಶಾ ಕಾರ್ಯಕರ್ತೆಯರ ಡೈರಿ, ತಾಯಿ ಕಾರ್ಡ್, ಅಂಗನವಾಡಿಯ ರಿಜಿಸ್ಟರ್ ಇರುವಾಗ ಮತ್ತೆ ಸಮೀಕ್ಷೆ ಏಕೆ ಎಂದು ಕೇಳುವವರಿದ್ದಾರೆ. ರಿಜಿಸ್ಟರಿನಲ್ಲಿ ಹೆಸರು ಬರೆಸಿದವರ ಲೆಕ್ಕವಷ್ಟೇ ಸಿಗುತ್ತದೆ, ಬರೆಸದೇ ಹೋದವರು ಸಿಗುವುದಿಲ್ಲ. ಆಶಾ ಕಾರ್ಯಕರ್ತೆಗೆ ಕೆಲಸಕ್ಕೆ ತಕ್ಕಂತೆ ಪ್ರೋತ್ಸಾಹಧನ, ಆ ಕೆಲಸದ ಲೆಕ್ಕ ಡೈರಿಯಲ್ಲಿ ಬರೆಯುವವಳೂ ಅವಳೇ. ಪರೀಕ್ಷೆ ಬರೆದವರ ಕೈಗೇ ಮೌಲ್ಯಮಾಪನ ಕೊಟ್ಟರೆ ತಪ್ಪು ಅವರದಲ್ಲ, ಕೊಟ್ಟವರದು. ಇನ್ನೊಂದು ತೊಡಕು ತವರುಮನೆ. ಗಂಡನ ಊರಲ್ಲಿ ತಾಯಿ ಕಾರ್ಡ್ ಮಾಡಿಸಿದ ಹೆಣ್ಣುಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಹೋಗುತ್ತಾಳೆ. ಕಬ್ಬಿಣದ ಮಾತ್ರೆ ಒಂದು ಕೇಂದ್ರದ ಲೆಕ್ಕಕ್ಕೆ, ಹೆರಿಗೆ ಇನ್ನೊಂದರ ಲೆಕ್ಕಕ್ಕೆ. ಎರಡನ್ನೂ ಜೋಡಿಸಿ ಹೇಳಬಲ್ಲವಳು ಆ ತಾಯಿಯೊಬ್ಬಳೇ.

ಹಾಗಾದರೆ ಆಕೆಯನ್ನೇ ಕೇಳಬೇಕು. ಇದಕ್ಕೆ ಕಡಿಮೆ ಖರ್ಚಿನ ದಾರಿಯೂ ಇದೆ. ಕಾರ್ಖಾನೆಯ ಸರಕಿನ ಗುಣಮಟ್ಟ ನೋಡಲು ಹುಟ್ಟಿದ ಲಾಟ್ ಮಾದರಿ ಪರೀಕ್ಷೆಯಲ್ಲಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯನ್ನು ಒಂದು ಲಾಟ್ ಎಂದುಕೊಂಡರೆ, ಅದಕ್ಕೆ 19 ತಾಯಂದಿರು ಸಾಕು. ಗುರಿ ಶೇ 80 ಆದರೆ, 19ರಲ್ಲಿ 13 ಮಂದಿಗಾದರೂ ಸೇವೆ ಸಿಕ್ಕಿದ್ದರೆ ಆ ವ್ಯಾಪ್ತಿ ಪಾಸು, ಇಲ್ಲವಾದರೆ ಫೇಲು. ಹತ್ತೊಂಬತ್ತು ತೀರಾ ಕಡಿಮೆಯಲ್ಲವೇ? ಶೇಕಡಾವಾರು ಹೇಳಲು ಕಡಿಮೆಯೇ. ಆದರೆ ಮುಂದಿನ ತಿಂಗಳು ಯಾವ ಕೇಂದ್ರದ ಕಡೆ ಮೊದಲು ಹೋಗಬೇಕೆಂದು ತೀರ್ಮಾನಿಸಲು ತಾಲ್ಲೂಕು ಆರೋಗ್ಯಾಧಿಕಾರಿಗೆ ಅಷ್ಟು ಸಾಕು. ತಾಯಂದಿರ ಸಾವಿಗೆ ಮಾತ್ರ ಈ ವಿಧಾನ ಒಗ್ಗದು. ಅಲ್ಲಿ ಒಂದೊಂದು ಸಾವನ್ನೂ ಬೇರೆಯಾಗಿಯೇ ವಿಚಾರಿಸಬೇಕು.

ಆದರೆ 19 ಮನೆಗಳನ್ನು ಆರಿಸುವ ಬಗೆಯಲ್ಲೇ ಎಲ್ಲ ಕೆಡಬಹುದು. ಲಸಿಕೆ ಸಮೀಕ್ಷೆಯ ಹಳೆಯ ಪದ್ಧತಿಯಲ್ಲಿ 30 ಊರು, ಊರಿಗೆ 7 ಮಕ್ಕಳು. ಅದರಂತೆ ಊರ ನಡುವೆ ನಿಂತು ದಿಕ್ಕು ಆರಿಸಿ ಹೊರಟರೆ ರಸ್ತೆ ಬದಿಯ ಮನೆಗಳೇ ಹೆಚ್ಚಾಗಿ ಸಿಗುತ್ತವೆ, ಕಾಡಂಚಿನವು ತಪ್ಪುತ್ತವೆ. ಪ್ರಶ್ನೆಯೂ ಬಿಗಿಯಾಗಿರಬೇಕು: “ತಪಾಸಣೆ ಆಯಿತಾ?” ಎಂದರೆ “ಹೂಂ” ಅನ್ನುವುದು ಸುಲಭ. ಯಾವ ತಿಂಗಳಲ್ಲಿ ಮೊದಲು ಹೋದಿರಿ, ಬಿ.ಪಿ. ನೋಡಿದರಾ, ಮಾತ್ರೆ ಕೊಟ್ಟರಾ, ನುಂಗಿದಿರಾ ಎಂದು ಒಂದೊಂದಾಗಿ ಕೇಳಬೇಕು. ಹನೂರಿನಲ್ಲಿ ಇಂಥ ಸಮೀಕ್ಷೆ ಮಾಡುವುದಾದರೆ ಪೋಡುಗಳನ್ನು ಬೇರೆಯೇ ಲಾಟ್ ಮಾಡಿ, ಪ್ರಶ್ನೆ ಕೇಳಲು ಆ ವ್ಯಾಪ್ತಿಯ ಸಿಬ್ಬಂದಿಯನ್ನು ಬಿಟ್ಟು ಬೇರೆಯವರನ್ನು ಕಳಿಸಿ.