ಹೊಂಗೆ ಹೂವೂ ಪೈಪಿನ ಬಾಯಿಯೂ

ಬೆಂಗಳೂರಿನ ಜಯನಗರದ ಹೊಂಗೆ ಸಾಲಿನ ರಸ್ತೆಯೊಂದರಲ್ಲಿ ಗೆಳತಿಯ ಮನೆ. ಮೇ ತಿಂಗಳ ಸಂಜೆ, ಧೋ ಎಂದು ಮಳೆ. ಪೋರ್ಟಿಕೋದಲ್ಲಿ ನಿಂತು ನೋಡುತ್ತಿದ್ದಂತೆ, ಗೋಡೆಗೆ ಕೂರಿಸಿದ್ದ ಮಳೆನೀರು ಫಿಲ್ಟರಿನ ಒಳಭಾಗ ಸೀದಾ ಮೇಲೆದ್ದಿತು! ಸುತ್ತಲಿಂದ ಕಂದು ನೀರು ಉಕ್ಕಿ ಅಂಗಳಕ್ಕಿಳಿಯಿತು. ಗೆಳತಿಗೆ ಗಾಬರಿಯೇ ಇಲ್ಲ. ‘ಕಟ್ಟಿಕೊಂಡಿದೆ ಅಂತ ಹೇಳ್ತಿದೆ ಅಷ್ಟೇ. ಮಳೆ ನಿಲ್ಲಲಿ, ತೊಳೆದು ಹಾಕ್ತೀನಿ’ ಎಂದಳು.

ಮಳೆ ನಿಂತ ಮೇಲೆ ಅದನ್ನು ಹೊರಗೆಳೆದು ತೋರಿಸಿದಳು. ಜಾಲರಿಯ ಸುತ್ತ ರಾಗಿ ಅಂಬಲಿಯಂಥ ಪದರ. ಬೆರಳಲ್ಲಿ ಕೆದಕಿದರೆ ಹೊಂಗೆಯ ಎಸಳು, ಧೂಳು, ಪಾರಿವಾಳದ ಪುಕ್ಕ. ಬಕೆಟ್ಟಿನಲ್ಲಿ ಅದ್ದಿ ಜಾಲಿಸಿದಳು, ಮತ್ತೆ ಕೂರಿಸಿದಳು. ಕೆಲಸ ಮುಗಿಯಿತು.

ಇದು ಪಾಪ್‌ಅಪ್ ಫಿಲ್ಟರ್. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿಜ್ಞಾನಿಯಾಗಿದ್ದ ಎ.ಆರ್. ಶಿವಕುಮಾರ್ ಅವರ ಕೊಡುಗೆ. ವಿಜಯನಗರದ ತಮ್ಮ ಮನೆಯನ್ನು 1990ರ ದಶಕದಿಂದಲೂ ಮಳೆನೀರಿನಲ್ಲೇ ನಡೆಸಿಕೊಂಡು ಬಂದವರು ಅವರು. ಫಿಲ್ಟರ್ ಕಟ್ಟಿಕೊಂಡರೆ ನೀರಿನ ಒತ್ತಡಕ್ಕೆ ಒಳಭಾಗ ಮೇಲೆದ್ದು ದಾರಿ ಬಿಡುತ್ತದೆ; ತಾರಸಿಯಲ್ಲಿ ನೀರು ನಿಲ್ಲುವುದಿಲ್ಲ. ನನಗೆ ಇಷ್ಟವಾದದ್ದು ಅದಕ್ಕಿಂತ ಹೆಚ್ಚಾಗಿ ಅದರ ಪ್ರಾಮಾಣಿಕತೆ. ಯಜಮಾನರು ಮೈಮರೆತಿದ್ದಾರೆ ಎಂಬುದನ್ನು ಅದು ಮುಚ್ಚಿಡುವುದಿಲ್ಲ.

ಪೈಪಿನ ಬಾಯಿಗೆ ಹಾಕುವ ಚಪ್ಪಟೆ ಜಾಲಿಯ ಬಗ್ಗೆ ಈ ಮಾತು ಹೇಳಲಾರೆ. ಒಂದು ಬಾದಾಮಿ ಎಲೆ ಅಡ್ಡ ಬಿದ್ದರೆ ಅದರ ಕಥೆ ಮುಗಿಯಿತು. ಗುಮ್ಮಟದಂತೆ ಉಬ್ಬಿದ ಜಾಲಿ ವಾಸಿ. ಬುಡದಲ್ಲಿ ಎಲೆ ಸುತ್ತಿಕೊಂಡರೂ ಮೇಲಿಂದ ನೀರು ಇಳಿಯುತ್ತದೆ. ಶೀಟಿನ ಮಾಡಿನ ಅಂಚಿಗೆ ಕಟ್ಟಿದ ದೋಣಿಗೆ ಉದ್ದಕ್ಕೂ ಬಲೆ ಹೊದಿಸಿ ‘ಇನ್ನು ನೋಡಲೇಬೇಕಿಲ್ಲ’ ಎಂದು ಮಾರುವವರನ್ನು ಮಾತ್ರ ನಾನು ನಂಬುವುದಿಲ್ಲ. ಗುಲ್‌ಮೊಹರಿನ ಎಲೆ ಅಕ್ಕಿಕಾಳಿಗಿಂತ ತುಸು ದೊಡ್ಡದು. ಬಲೆಯ ಕಣ್ಣಲ್ಲಿ ನುಸುಳಿ ಒಳಗೆ ಕೊಳೆಯುತ್ತದೆ, ಮೇಲಿನ ಬಲೆ ಚೊಕ್ಕಟವಾಗಿಯೇ ಕಾಣುತ್ತದೆ. ಹಾಗೆ ಕಟ್ಟಿಕೊಂಡು ದೋಣಿಯಲ್ಲಿ ನಿಂತ ನೀರಿನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯಲು 7–10 ದಿನ ಸಾಕು. ನೀರು ಒಣಗಿದರೂ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಹಾಗಾಗಿ ದೋಣಿಯ ತಳದ ಕೆಸರನ್ನು ಕೆರೆದು ತೆಗೆಯಲೇಬೇಕು.

2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ತಂದು, 60×40 ಅಡಿಯ ನಿವೇಶನದ ಹಳೆಯ ಮನೆಗಳಿಗೂ 30×40ರ ಹೊಸ ಮನೆಗಳಿಗೂ ಮಳೆಕೊಯ್ಲು ಕಡ್ಡಾಯ ಮಾಡಿದ ಸಂಗತಿ ಓದುಗರಿಗೆ ಗೊತ್ತೇ ಇದೆ. ಪೈಪು, ಸಂಪು, ಫಿಲ್ಟರ್ ಎಲ್ಲ ಬಂದವು. ಗುಡಿಸುವ ಅಭ್ಯಾಸ ಬರಲಿಲ್ಲ. 1,200 ಚದರಡಿ ತಾರಸಿಯ ಮೇಲೆ 10 ಮಿ.ಮೀ. ಮಳೆ ಎಂದರೆ ಸುಮಾರು 1,100 ಲೀಟರ್ ನೀರು. ಬಾಯಿ ಕಟ್ಟಿದ್ದರೆ ಅಷ್ಟೂ ನೀರು ತಾರಸಿಯಲ್ಲಿ ನಿಂತು ಕಾಂಕ್ರೀಟಿನೊಳಗೆ ಇಳಿಯುತ್ತದೆ. ಪೇಂಟ್ ಉಬ್ಬಿದಾಗ ಮೇಸ್ತ್ರಿಯನ್ನು ಕರೆದು ಸಾವಿರಾರು ರೂಪಾಯಿ ಸುರಿಯುವವರು, ಅದಕ್ಕೆ ಮೊದಲು ಪೊರಕೆ ಹಿಡಿದು ಒಮ್ಮೆ ಮೇಲೆ ಹೋಗಿ ಬಂದಿದ್ದರೆ ಸಾಕಿತ್ತು.

ನಮ್ಮ ಊರಿನ ಮರಗಳ ಲೆಕ್ಕವೂ ವಿಚಿತ್ರ. ಹೊಂಗೆ ಹೂ ಉದುರುವುದು ಏಪ್ರಿಲ್–ಮೇನಲ್ಲಿ, ಸರಿಯಾಗಿ ಮುಂಗಾರುಪೂರ್ವ ಮಳೆಯ ಹೊತ್ತಿಗೆ. ಫೆಬ್ರುವರಿಯಲ್ಲಿ ಗುಡಿಸಿದ್ದೇನೆ ಎಂದು ನಿಶ್ಚಿಂತರಾಗಬೇಡಿ. ಮೇ ಮೊದಲ ವಾರ ಒಮ್ಮೆ ಹತ್ತಿ ಎಲೆ ಬಾಚಿ, ಒಂದು ಬಿಂದಿಗೆ ನೀರು ಸುರಿದು ಕೆಳಗೆ ಬರುತ್ತದೆಯೇ ನೋಡಿ. ಆಗಸ್ಟ್ ಕೊನೆಗೆ ಇನ್ನೊಮ್ಮೆ ಹತ್ತಿ. ಬೆಂಗಳೂರಿಗೆ ಅತಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ.